ಹೊರದೇಶದಲ್ಲಿ ಐಟಿ ಇಂಟರ್ನ್‌ಶಿಪ್‌ಗೆ ಏಜೆಂಟ್‌ಗೆ ದುಡ್ಡು ಕಟ್ಟಬೇಕಾ?

ಪ್ರಶ್ನೆ (ಬಾಗಲಕೋಟೆ): ನಾನು ಕಂಪ್ಯೂಟರ್ ಸೈನ್ಸ್, ಐದನೇ ಸೆಮಿಸ್ಟರ್. ಏಜೆಂಟ್ ಒಬ್ಬರು ಮೊದಲೇ ದುಡ್ಡು ಕೇಳ್ತಿದ್ದಾರೆ. ಅಪ್ಪ ಬಡ್ಡಿಗೆ ತರೋಕೂ ತಯಾರಿದ್ದಾರೆ, ಅದೇ ನನಗೆ ಭಯ.

ಬೆಳಗಾವಿಯಿಂದ: ಒಂದು ರೂಪಾಯಿನೂ ಕಟ್ಟಬೇಡ ತಮ್ಮಾ. ಒಳ್ಳೆ ಕಡೆ ಅವರೇ ಸ್ಟೈಪೆಂಡ್ ಕೊಡುತ್ತಾರೆ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಇಂಟರ್ನ್‌ಶಿಪ್ ನೋಡು, 12 ವಾರ ಅಲ್ಲಿನ ಪ್ರೊಫೆಸರ್ ಜೊತೆ ಸಂಶೋಧನೆ, ಆದರೆ ಅರ್ಜಿ ಹಿಂದಿನ ವರ್ಷವೇ ಹಾಕಬೇಕು.

ವಿಜಯಪುರದಿಂದ: ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸ ಮಾಡು ಅಂದರೆ ಅಲ್ಲಿಗೇ ಬಿಟ್ಟುಬಿಡು. ಪಾಸ್‌ಪೋರ್ಟ್ ಈಗಲೇ ಮಾಡಿಸು. ಆಧಾರ್‌ನಲ್ಲಿ ಬರೀ ಇನಿಷಿಯಲ್, ಮಾರ್ಕ್ಸ್ ಕಾರ್ಡ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಮೊದಲು ಅದನ್ನು ಸರಿಮಾಡಿಸು, ನಮ್ಮ ಕಡೆ ಇದು ಜಾಸ್ತಿ. ಗೂಗಲ್ ಸಮ್ಮರ್ ಆಫ್ ಕೋಡ್ (ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಕೋಡ್ ಬರೆಯುವ ಗೂಗಲ್ ಕಾರ್ಯಕ್ರಮ) ಅಂತೂ ಮನೆಯಿಂದಲೇ ಮಾಡಬಹುದು, ಅಲ್ವಾ?

ಪ್ರಶ್ನೆ ಕೇಳಿದವ: ಅಪ್ಪನಿಗೆ ಇವತ್ತೇ ಬೇಡ ಅಂತ ಹೇಳ್ತೀನಿ. ಅಣ್ಣಾ, ಅಕ್ಕಾ, ತುಂಬಾ ಉಪಕಾರ ಆಯ್ತು.