ಗುಡ್ಡದ ಹಾಫ್, ಪಿಬಿ ಆಸೆ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಡಿಕೇರಿ ಕಡೆಯ ಗುಡ್ಡದ ಹಾಫ್ ಮ್ಯಾರಥಾನ್‌ಗೆ (21.1 ಕಿ.ಮೀ.) ಇನ್ನು ಐದು ವಾರ ಇದೆ. ನಮ್ಮ ಗುಂಪಿನಿಂದ ಮೂವತ್ತು ಜನ ಹೊರಟಿದ್ದೇವೆ. ಅದರಲ್ಲಿ ಅರ್ಧ ಜನಕ್ಕೆ ಅಲ್ಲೇ ಪಿಬಿ (ಪರ್ಸನಲ್ ಬೆಸ್ಟ್, ಅಂದರೆ ಈವರೆಗಿನ ತಮ್ಮ ಅತಿ ಕಡಿಮೆ ಸಮಯ) ಆಗಬೇಕಂತೆ. ಮೈಸೂರಿನ ನಮ್ಮ ಸ್ಪೋರ್ಟ್ಸ್ ಮೆಡಿಸಿನ್ ಡಾಕ್ಟರ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಅವರೂ ಓಡುವವರೇ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಬನಶಂಕರಿ: ನಮಸ್ತೆ ಮೇಡಂ. ಫ್ಲಾಟ್‌ನಲ್ಲಿ ನನ್ನ ಪಿಬಿ 1 ಗಂಟೆ 58 ನಿಮಿಷ. ಅಲ್ಲಿ 1:55 ಆಗಬಹುದಾ? ಏರಿನಲ್ಲಿ ಹೋದ ಸಮಯ ಇಳಿಜಾರಲ್ಲಿ ವಾಪಸ್ ಬರುತ್ತದೆ ಅಲ್ವಾ?

ಡಾಕ್ಟರ್: ನಮಸ್ಕಾರ. ಪೂರಾ ಬರುವುದಿಲ್ಲ. ಏರು ಬಡ್ಡಿ ಸಮೇತ ವಸೂಲಿ ಮಾಡುತ್ತದೆ, ಇಳಿಜಾರು ಅಸಲಲ್ಲೇ ಸ್ವಲ್ಪ ಮುರಿದುಕೊಂಡು ಕೊಡುತ್ತದೆ. 1:58 ಅಂದರೆ ಕಿಲೋಮೀಟರಿಗೆ ಸುಮಾರು 5 ನಿಮಿಷ 35 ಸೆಕೆಂಡ್. ಆ ಪೇಸ್ ಏರಿನಲ್ಲೂ ಹಿಡಿಯಲು ಹೋದರೆ ಎಂಟನೇ ಕಿಲೋಮೀಟರಿಗೇ ನಿಮ್ಮ ಕಥೆ ಮುಗಿಯುತ್ತದೆ. ಏರಿನಲ್ಲಿ ವಾಚ್ ನೋಡಬೇಡಿ, ಉಸಿರು ನೋಡಿ. ಮೂರು ನಾಲ್ಕು ಪದ ಒಟ್ಟಿಗೆ ಆಡಲು ಆಗಬೇಕು.

ಎಲ್ಲರೂ ಏರಿಗೆ ಹೆದರುತ್ತಾರೆ. ಕಾಲು ಮುರಿಯುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಬ್ರೇಕ್ ಹಾಕುತ್ತಲೇ ಹಿಗ್ಗುತ್ತಾ ಹೋಗುತ್ತದೆ. ಹಾಗೆ ದುಡಿಯುವ ಸ್ನಾಯುವಿಗೆ ಪೆಟ್ಟು ಜಾಸ್ತಿ. ಆದರೆ ಅದಕ್ಕೆ ಒಂದು ಒಳ್ಳೆ ಬುದ್ಧಿ ಇದೆ: ಒಂದು ಸಲ ಪೆಟ್ಟು ತಿಂದರೆ ಕೆಲವು ವಾರ ನೆನಪಿಟ್ಟುಕೊಳ್ಳುತ್ತದೆ, ಎರಡನೇ ಸಲ ಅಷ್ಟು ನೋಯುವುದಿಲ್ಲ. ಹಾಗಾಗಿ ಈಗಿನಿಂದಲೇ ವಾರಕ್ಕೊಮ್ಮೆ ಇಳಿಜಾರು ಓಡಿ. ಮೊದಲ ವಾರ ಎರಡೇ ಕಿಲೋಮೀಟರ್, ಹೆಜ್ಜೆ ಚಿಕ್ಕದು. ರೇಸ್‌ಗೆ ಹತ್ತು ದಿನ ಇರುವಾಗ ನಿಲ್ಲಿಸಿ.

ನಾನು ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟಕ್ಕೆ ಓಡಿ ಹತ್ತುತ್ತಿದ್ದೆ. ಮೊದಲ ವರ್ಷ ಪೂರ್ತಿ ಬಸ್ಸಲ್ಲಿ ಕೂತು ಕೆಳಗೆ ಬರುತ್ತಿದ್ದೆ, ಹತ್ತಿದೆನಲ್ಲ ಸಾಕು ಅಂತ. ಅದು ತಪ್ಪು ಅಂತ ಗೊತ್ತಾಗಿದ್ದು ಒಂದು ಗುಡ್ಡದ ರೇಸ್‌ನ ಮಾರನೇ ದಿನ, ಟಾಯ್ಲೆಟ್‌ನಲ್ಲಿ ಗೋಡೆ ಹಿಡಿದು ಕೂತಾಗ. ಎರಡನೇ ದಿನ ಏಳಲು ಯಜಮಾನರನ್ನು ಕರೆಯಬೇಕಾಯಿತು.

ದಾವಣಗೆರೆ ಬೆಣ್ಣೆ: 😂 ಮೇಡಂ, ಕಾರ್ಬನ್ ಪ್ಲೇಟ್ ಶೂ ತಗೊಳ್ಳಲಾ? ಗುಡ್ಡಕ್ಕೆ ಕೆಲಸ ಮಾಡುತ್ತದಾ?

ನಿಧಾನಿ: ಇಳಿಯುವಾಗ ಮಂಡಿ ಚಿಪ್ಪಿನ ಸುತ್ತ ನೋವು. ಬ್ರೇಸ್ ಹಾಕಿ ಓಡಬಹುದಾ?

ಡಾಕ್ಟರ್: ನಿಧಾನಿಯವರೇ, ಊತ ಇಲ್ಲ, ಮಂಡಿ ಲಾಕ್ ಆಗುವುದಿಲ್ಲ ಅಂದರೆ ಹೆದರಬೇಡಿ. ಎರಡು ವಾರ ಇಳಿಜಾರು ಕಡಿಮೆ ಮಾಡಿ. ತೊಡೆ ಮತ್ತು ಸೊಂಟದ ಪಕ್ಕದ ಸ್ನಾಯುಗಳಿಗೆ ವ್ಯಾಯಾಮ ಮಾಡಿ. ಮೆಟ್ಟಿಲಿನ ಅಂಚಲ್ಲಿ ಒಂಟಿ ಕಾಲಲ್ಲಿ ನಿಂತು ನಿಧಾನಕ್ಕೆ ಕೆಳಗಿಳಿಯುವುದೇ ಒಂದು ಒಳ್ಳೆ ವ್ಯಾಯಾಮ. ಬ್ರೇಸ್ ಹಾಕಿದರೆ ಧೈರ್ಯ ಬರುತ್ತದೆ, ಬಲ ಬರುವುದಿಲ್ಲ.

ಹಾಸನ 47: ಮೇಡಂ ನಮಸ್ಕಾರ. ಚಿಕ್ಕ ಪ್ರಶ್ನೆ. ಓಡುವ ಮುಂಚೆ ಗ್ಯಾಸ್ ಆಗದ ಹಾಗೆ ಏನು ತಿನ್ನಬೇಕು? ಸಕಲೇಶಪುರದ ಕಡೆ ಪ್ರ್ಯಾಕ್ಟೀಸ್ ಮಾಡುತ್ತೇನೆ. ಏರು ಬಂದಾಗ ಎದೆ ಮಧ್ಯೆ ಹಿಡಿದ ಹಾಗಾಗುತ್ತದೆ. ನಿಂತರೆ ಹೋಗುತ್ತದೆ. ಟಾರ್ಗೆಟ್ 1:50.

ಮಂಡ್ಯ ಎಕ್ಸ್‌ಪ್ರೆಸ್: ಅಣ್ಣ, ರಾತ್ರಿ ಮುದ್ದೆ ಬಸ್ಸಾರು ಬಿಡಿ, ಸರಿ ಹೋಗುತ್ತೆ 😄

ಡಾಕ್ಟರ್: ಮಿಕ್ಕವರು ಸ್ವಲ್ಪ ಇರಿ. ಹಾಸನದವರೇ, ಇದಕ್ಕೆ ಉತ್ತರ ಕೊಡಿ. ಎಷ್ಟು ದಿನದಿಂದ? ಬೇರೆ ಕಡೆಗೆ ಹರಡುತ್ತದಾ? ನಿಂತ ಮೇಲೆ ಎಷ್ಟು ನಿಮಿಷಕ್ಕೆ ಹೋಗುತ್ತದೆ? ಖಾಲಿ ಹೊಟ್ಟೆಯಲ್ಲಿ ಓಡಿದಾಗಲೂ ಬರುತ್ತದಾ? ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇತ್ತಾ?

ಹಾಸನ 47: ಮೂರು ವಾರ. ಎಡ ದವಡೆ ಜೋಮು ಹಿಡಿದ ಹಾಗೆ, ಹಲ್ಲಿನದು ಅಂದುಕೊಂಡೆ. ಎರಡು ನಿಮಿಷಕ್ಕೆ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲೂ ಬರುತ್ತದೆ. ಮೊದಲು ಏರು ಅರ್ಧ ಆದ ಮೇಲೆ ಬರುತ್ತಿತ್ತು, ಈಗ ಶುರುವಲ್ಲೇ. ಫ್ಲಾಟ್‌ನಲ್ಲಿ ಏನೂ ಇಲ್ಲ. ಕ್ಲಿನಿಕ್‌ನಲ್ಲಿ ಇಸಿಜಿ ಮಾಡಿ ನಾರ್ಮಲ್ ಅಂದರು, ಗ್ಯಾಸಿಗೆ ಮಾತ್ರೆ ಕೊಟ್ಟರು. ಅಪ್ಪ 52ಕ್ಕೆ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು. ಆದರೆ ಅವರು ಬೀಡಿ ಸೇದುತ್ತಿದ್ದರು, ನಾನು ಕಾಫಿ ಬಿಟ್ಟರೆ ಏನೂ ಇಲ್ಲ.

ಡಾಕ್ಟರ್: ಇದು ಗ್ಯಾಸ್ ಅಲ್ಲ ಅಂತಲೇ ಹಿಡಿದುಕೊಳ್ಳಿ, ಅದು ತಪ್ಪು ಅಂತ ಪರೀಕ್ಷೆ ತೋರಿಸುವವರೆಗೂ.

ಗ್ಯಾಸಿಗೆ ರಸ್ತೆ ಏರೋ ಸಮತಟ್ಟೋ ಗೊತ್ತಾಗುವುದಿಲ್ಲ. ಶ್ರಮ ಹೆಚ್ಚಾದಾಗ ಬಂದು, ನಿಂತ ಎರಡು ನಿಮಿಷಕ್ಕೆ ಹೋಗುವ, ದವಡೆಗೆ ಹರಡುವ ಬಿಗಿತಕ್ಕೆ ಆಂಜೈನಾ ಅನ್ನುತ್ತಾರೆ. ಹೃದಯದ ರಕ್ತನಾಳ ಕಿರಿದಾಗಿರುತ್ತದೆ. ಸಮತಟ್ಟಿನಲ್ಲಿ ಬೇಕಾದಷ್ಟು ರಕ್ತ ಹೇಗೋ ಹೋಗುತ್ತದೆ, ಏರಿನಲ್ಲಿ ಸಾಲುವುದಿಲ್ಲ. ಬೇಸಿಗೆಯಲ್ಲಿ ಕೆಳಗಿನ ಮನೆ ನಲ್ಲಿಯಲ್ಲಿ ನೀರು ಬಂದು ಮಹಡಿಗೆ ಹತ್ತುವುದಿಲ್ಲವಲ್ಲ, ಹಾಗೆ.

ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂದಿದ್ದು ನಿಮಗೆ ಸಮಾಧಾನ ಕೊಡಬಾರದು. ಮಲಗಿದಾಗ ನಿಮ್ಮ ಹೃದಯಕ್ಕೆ ಕೊರತೆಯೇ ಇಲ್ಲ, ಅದರಲ್ಲಿ ಏನು ಕಾಣಬೇಕು? ಅಪ್ಪನ ವಯಸ್ಸನ್ನು ನೀವು ಕೊನೆಯಲ್ಲಿ, ಹಾಗೆ ಸುಮ್ನೆ ಹೇಳಿದಿರಿ. ನನಗೆ ಅದೇ ಮೊದಲು ಕಾಣಿಸಿತು. ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ ಬಂದಿದ್ದರೆ ನಾವು ಅದನ್ನು ಲೆಕ್ಕಕ್ಕೆ ತಗೊಳ್ಳುತ್ತೇವೆ. ಬೀಡಿ ಇರಲಿ, ಇಲ್ಲದಿರಲಿ.

ಎಲ್ಲಕ್ಕಿಂತ ನನಗೆ ಭಯ ಆಗಿದ್ದು “ಈಗ ಶುರುವಲ್ಲೇ” ಅನ್ನುವ ಮಾತು. ಮೂರು ವಾರದಲ್ಲಿ ಕಡಿಮೆ ಶ್ರಮಕ್ಕೇ ಬರುತ್ತಿದೆ ಅಂದರೆ ಕಾಯುವ ವಿಷಯ ಅಲ್ಲ.

ಇವತ್ತಿನಿಂದ ಓಟ ಬಂದ್. ವೇಗದ ನಡಿಗೆಯೂ ಬೇಡ, ಮೆಟ್ಟಿಲೂ ಬೇಡ. “ಇನ್ನೊಂದು ಸಲ ಹತ್ತಿ ನೋಡುತ್ತೇನೆ” ಅನ್ನುವುದು ಖಂಡಿತ ಬೇಡ. ನಾಳೆ ಬೆಳಗ್ಗೆಯೇ ಹೃದ್ರೋಗ ತಜ್ಞರನ್ನು ನೋಡಿ. ಮೈಸೂರಿಗೆ ಬರಲು ಆಗುವುದಾದರೆ ಜಯದೇವಕ್ಕೆ ಬನ್ನಿ. ಲ್ಯಾಬ್‌ನ ಆಫರ್ ಪ್ಯಾಕೇಜಲ್ಲಿ ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಮಾಡಿಸಿಕೊಂಡು ಬರಬೇಡಿ. ಜಾಸ್ತಿಯಾಗುತ್ತಿರುವ ನೋವಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸುವುದೇ ಅಪಾಯ. ಯಾವ ಪರೀಕ್ಷೆ ಅಂತ ತಜ್ಞರು ಹೇಳಲಿ.

ರಾತ್ರಿ ಸುಮ್ಮನೆ ಕೂತಾಗ ನೋವು ಬಂದರೆ, ಹತ್ತು ನಿಮಿಷಕ್ಕೂ ಹೋಗದಿದ್ದರೆ, ಬೆವರು ಬಂದರೆ 108ಕ್ಕೆ ಫೋನ್ ಮಾಡಿ. ಕಾರು ನೀವೇ ಓಡಿಸಿಕೊಂಡು ಹೋಗಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಮನೆಯವರಿಗೆ ಇದನ್ನು ಈಗಲೇ ಓದಿಸಿ.

ಬೆಳಗಿನ ಜಾವ: ಅಪ್ಪು ಹೋಗಿದ್ದೂ 46ಕ್ಕೇ. ದಿನಾ ವರ್ಕೌಟ್ ಮಾಡುತ್ತಿದ್ದವರು. ಇವತ್ತಿಗೂ ನಂಬಲು ಆಗುವುದಿಲ್ಲ.

ಹಿತೈಷಿ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. *ಫಾರ್ವರ್ಡ್ ಆಗಿ ಬಂದಿದ್ದು:* ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಸಮ ಸಮ ಕುದಿಸಿ ಜೇನು ಬೆರೆಸಿ ದಿನಾ ಮೂರು ಚಮಚ. ಎಂಥಾ ಬ್ಲಾಕ್ ಇದ್ದರೂ ಆಪರೇಷನ್ ಬೇಡ. ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಿ. 7 ರೂಪಾಯಿಯ ಮಾತ್ರೆ ಕಿಟ್ ಜೇಬಲ್ಲಿ ಇಟ್ಟುಕೊಳ್ಳಿ 🙏

ಡಾಕ್ಟರ್: ಅಡ್ಮಿನ್, ಇದನ್ನು ತೆಗೆಯಿರಿ. ಹಿತೈಷಿಗಳೇ, ಅದು ಸಾರಿಗೆ ಒಗ್ಗರಣೆ ಹಾಕಲು ಚೆನ್ನಾಗಿರಬಹುದು, ರಕ್ತನಾಳದ ಬ್ಲಾಕ್ ಕರಗಿಸುವುದಿಲ್ಲ. ಕೆಮ್ಮುತ್ತಾ ಕೂತರೆ ಆಂಬುಲೆನ್ಸ್ ಕರೆಯುವ ಹೊತ್ತು ಹೋಗುತ್ತದೆ. ಆ ಕಿಟ್‌ನಲ್ಲಿ ಇರುವ ಸಾರ್ಬಿಟ್ರೇಟ್ ಬಿಪಿ ಇಳಿಸುತ್ತದೆ. ಆಗಲೇ ಬಿಪಿ ಬಿದ್ದವರಿಗೆ, ಗಂಡಸರ “ಆ” ಮಾತ್ರೆ ತಗೊಂಡವರಿಗೆ ಅದು ಪ್ರಾಣಕ್ಕೇ ಬರಬಹುದು. ಯಾರ ಜೇಬಲ್ಲಿ ಏನಿರಬೇಕು ಅಂತ ಅವರ ಡಾಕ್ಟರ್ ಹೇಳುತ್ತಾರೆ.

ಹಿತೈಷಿ: ಒಳ್ಳೆಯದಕ್ಕೆ ಹಾಕಿದ್ದು ಮೇಡಂ. ನಮ್ಮ ಅಜ್ಜಿ 94 ವರ್ಷ ಬದುಕಿದ್ದರು.

ನಿಧಾನಿ: ಅಜ್ಜಿ ವಿನೆಗರ್ ಕುಡೀತಿದ್ರಾ?

ದಾವಣಗೆರೆ ಬೆಣ್ಣೆ: ಮೇಡಂ ಕಾರ್ಬನ್ ಶೂ?

ಶಿರಸಿ: ಓಟಕ್ಕೆ ಮುಂಚೆ ಒಂದು ನೋವಿನ ಮಾತ್ರೆ ತಗೊಂಡರೆ ಇಳಿಜಾರಲ್ಲಿ ತೊಡೆ ನೋಯುವುದಿಲ್ಲವಂತೆ, ಹೌದಾ?

ಡಾಕ್ಟರ್: ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಯಾವುದೂ ಬೇಡ. ಬೆವರಿ ನೀರು ಕಡಿಮೆಯಾದಾಗ ಅವು ಕಿಡ್ನಿಗೆ ಹೋಗುವ ರಕ್ತ ಇನ್ನೂ ತಗ್ಗಿಸುತ್ತವೆ. ರೇಸ್ ಆದಮೇಲೆ ಮೂತ್ರ ಕೋಲಾ ಬಣ್ಣದಲ್ಲಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬೆಳಗಿನ ಜಾವ: ಹಿಂದಿನ ರಾತ್ರಿ ನಾಲ್ಕು ಲೀಟರ್ ನೀರು ಕುಡಿದು ಮಲಗಬೇಕು ಅಂತ ನಮ್ಮ ಕೋಚ್ ಹೇಳಿದ್ದಾರೆ.

ಡಾಕ್ಟರ್: ರಾತ್ರಿಯಿಡೀ ಎದ್ದು ಓಡಾಡುತ್ತೀರಿ, ಅಷ್ಟೇ ಲಾಭ. ಬಾಯಾರಿದಷ್ಟು ಕುಡಿಯಿರಿ. ಜಾಸ್ತಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13% ಜನಕ್ಕೆ ಸೋಡಿಯಂ ಕಡಿಮೆ ಇತ್ತು. ಓಟ ಮುಗಿಸಿದಾಗ ತೂಕ ಹೆಚ್ಚಾಗಿದ್ದರೆ ಅದು ಕೆಟ್ಟ ಸೂಚನೆ. ಇನ್ನೊಂದು ಮಾತು: ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಚಿಕ್ಕ ಬಾಟಲಿಗೆ ಸುರಿದು ಅಲ್ಲಾಡಿಸಿ ಕುಡಿಯುವವರನ್ನು ನೋಡಿದ್ದೇನೆ. ಹೊಟ್ಟೆ ಕೆಡುತ್ತದೆ. ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ.

ಮಂಡ್ಯ ಎಕ್ಸ್‌ಪ್ರೆಸ್: ಬನಶಂಕರಿ ಸಾರ್, ಒಂದು ಮಾತು. ಪಿಬಿ ಬೇಕು ಅಂದರೆ ಫ್ಲಾಟ್‌ಗೆ ಹೋಗಿ. ನಮ್ಮ ದೇಶದ ಓಟಗಾರ ಅವಿನಾಶ್ ಸಾಬ್ಳೆ 2020ರಲ್ಲಿ ಹಾಫ್ ಅನ್ನು 1:00:30ಕ್ಕೆ ಓಡಿದ್ದು ದೆಹಲಿಯ ಸಮತಟ್ಟು ರಸ್ತೆಯಲ್ಲಿ, ಗುಡ್ಡದಲ್ಲಿ ಅಲ್ಲ.

ಬನಶಂಕರಿ: ನನ್ನ ಪಿಬಿ ನನ್ನ ಇಷ್ಟ. ಅಲ್ಲಿ ಏರಿಗಿಂತ ಇಳಿಜಾರು ಜಾಸ್ತಿ ಅಂತ ಮ್ಯಾಪ್ ತೋರಿಸುತ್ತಿದೆ. ಶುರುವಿಗಿಂತ ಕೊನೆ 140 ಮೀಟರ್ ಕೆಳಗಿದೆ.

ಮಂಡ್ಯ ಎಕ್ಸ್‌ಪ್ರೆಸ್: ಹಾಗಾದರೆ ಅದು ಪಿಬಿಯೇ ಅಲ್ಲ. ದಾಖಲೆಗೆ ಕಿಲೋಮೀಟರಿಗೆ ಒಂದು ಮೀಟರ್‌ಗಿಂತ ಜಾಸ್ತಿ ಇಳಿಯುವ ಹಾಗಿಲ್ಲ ಅಂತ ವರ್ಲ್ಡ್ ಅಥ್ಲೆಟಿಕ್ಸ್ ನಿಯಮ. ಹಾಫ್‌ಗೆ 21 ಮೀಟರ್. ಇಲ್ಲದಿದ್ದರೆ ನಾನೂ ನಂದಿ ಬೆಟ್ಟದ ಮೇಲಿಂದ ಉರುಳಿಕೊಂಡು ಬರುತ್ತೇನೆ, ಮೆಡಲ್ ಕೊಡಿ.

ಬನಶಂಕರಿ: ಅದು ವಿಶ್ವದಾಖಲೆಗೆ ಸ್ವಾಮಿ. ನಾನೇನು ಕೀನ್ಯಾದವನಾ?

ನಿಧಾನಿ: ವಾಚ್ 21.1 ತೋರಿಸಿದ ತಕ್ಷಣ ಗೆರೆ ದಾಟುವ ಮೊದಲೇ ನಿಲ್ಲಿಸಿ ಪಿಬಿ ಅಂತ ಹಾಕುವವರೂ ಇಲ್ಲಿದ್ದಾರೆ. ಹೆಸರು ಹೇಳುವುದಿಲ್ಲ.

ಮಂಡ್ಯ ಎಕ್ಸ್‌ಪ್ರೆಸ್: ಹೇಳಿ ಪರವಾಗಿಲ್ಲ. ನಿಮ್ಮ ಟೈಮ್ ಎಷ್ಟು, 2:40 ಅಲ್ವಾ?

ನಿಧಾನಿ: 2:38. ಗೆರೆ ದಾಟಿದ್ದು.

ಅಡ್ಮಿನ್: ಇಲ್ಲಿ ಡಾಕ್ಟರ್‌ಗೆ ಪ್ರಶ್ನೆ ಕೇಳುವುದು ಮಾತ್ರ.

ತುಮಕೂರು ರನ್ನರ್: ಮೇಡಂ, ಇಳಿಯುವಾಗ ಮಂಡಿ ನೋವು. ಬ್ರೇಸ್ ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.

ಬೆಳಗಿನ ಜಾವ: ಓಡುವ ಮುಂಚೆ ಪ್ಯಾರಾಸಿಟಮಾಲ್ ಆದರೂ ತಗೊಳ್ಳಬಹುದಾ?

ಡಾಕ್ಟರ್: ನೋವಿದ್ದರೆ ಓಡಬೇಡಿ. ನೋವಿಲ್ಲದಿದ್ದರೆ ಮಾತ್ರೆ ಯಾಕೆ?

ಶಿರಸಿ: ಹೆಂಗಸರ ತಿಂಗಳ ದಿನ ರೇಸ್‌ಗೆ ಬಿದ್ದರೆ ಮುಂದೂಡುವ ಮಾತ್ರೆ ತಗೊಳ್ಳಬಹುದಾ ಮೇಡಂ?

ಮಂಡ್ಯ ಎಕ್ಸ್‌ಪ್ರೆಸ್: ಎನರ್ಜಿ ಜೆಲ್‌ಗೆ ದುಡ್ಡು ಸುರಿಯುವ ಬದಲು ಬಾಳೆಹಣ್ಣು ಸಾಕು ಅಂತ ಹೇಳಿ ಮೇಡಂ ಇವರಿಗೆ.

ಬನಶಂಕರಿ: ಏರಿನಲ್ಲಿ ಬಾಳೆಹಣ್ಣು ಅಗಿದು ನೋಡಿ, ಆಮೇಲೆ ಮಾತಾಡಿ.

ಹಿತೈಷಿ: ಬೀಟ್‌ರೂಟ್ ರಸ, ಕಪ್ಪು ಜೀರಿಗೆ ಕಷಾಯ ಖಾಲಿ ಹೊಟ್ಟೆಗೆ 21 ದಿನ ಕುಡಿದರೆ…

ಡಾಕ್ಟರ್: ಹಿತೈಷಿಗಳೇ, ಸಾಕು.

ಹಾಸನದವರು ಎಲ್ಲಿ? ಒಂದು ಗಂಟೆ ಆಯಿತು, ಉತ್ತರ ಇಲ್ಲ.

ಹಾಸನ 47: ಇದ್ದೇನೆ ಮೇಡಂ. ಹೆಂಡತಿ ಓದಿ ಬೈಯುತ್ತಿದ್ದಾಳೆ. ಎಂಟು ತಿಂಗಳಿಂದ ಈ ರೇಸ್‌ಗೆ ತಯಾರಿ. ಗೋಡೆ ಮೇಲೆ 1:50 ಅಂತ ಮಗಳು ಬರೆದು ಅಂಟಿಸಿದ್ದಾಳೆ. ರೇಸ್ ಆದಮೇಲೆ ತೋರಿಸಿದರೆ ಆಗುವುದಿಲ್ಲವಾ? ನಿಧಾನಕ್ಕೆ ಓಡುತ್ತೇನೆ.

ಡಾಕ್ಟರ್: ಆಗುವುದಿಲ್ಲ. ಮಗಳ ಕೈಯಲ್ಲೇ ಆ ಚೀಟಿ ತೆಗೆಸಿ, ನಾಳೆಯ ತಾರೀಕು ಬರೆಸಿ. ನಿಮ್ಮ ಮನೆಯವರ ನಂಬರನ್ನು ಅಡ್ಮಿನ್‌ಗೆ ಕೊಡಿ, ನಾನು ಈಗಲೇ ಮಾತಾಡುತ್ತೇನೆ. ಮಿಕ್ಕವರಿಗೆ ಇವತ್ತಿಗೆ ಇಷ್ಟೇ.

ದಾವಣಗೆರೆ ಬೆಣ್ಣೆ: ಮೇಡಂ ಒಂದೇ ನಿಮಿಷ, ಶೂ…

*(ಆರು ದಿನದ ಮೇಲೆ)*

ಹಾಸನ 47: ಎಲ್ಲರಿಗೂ ನಮಸ್ಕಾರ. ನೇರ ಆಂಜಿಯೋಗ್ರಾಂ ಮಾಡಿದರು. ಹೃದಯದ ಮುಂಭಾಗದ ದೊಡ್ಡ ನಾಳದಲ್ಲಿ 90% ಬ್ಲಾಕ್. ಸ್ಟೆಂಟ್ ಹಾಕಿದ್ದಾರೆ. ಮಣಿಕಟ್ಟಿನಲ್ಲೇ ತೂತು ಮಾಡಿ ಹಾಕಿದರು. ವಾಚ್ ಕಟ್ಟುವ ಜಾಗದಲ್ಲಿ ಈಗ ಬ್ಯಾಂಡೇಜ್ ಇದೆ. ನಿನ್ನೆ ಮನೆಗೆ ಬಂದೆ. ಮೇಡಂಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಡಾಕ್ಟರ್: ಏನೂ ಹೇಳಬೇಡಿ. ರಕ್ತ ತೆಳುವಾಗಿಸುವ ಎರಡು ಮಾತ್ರೆ ಕೊಟ್ಟಿರುತ್ತಾರೆ. ಒಂದು ದಿನವೂ ತಪ್ಪಿಸಬೇಡಿ, ಯಾರು ಏನು ಫಾರ್ವರ್ಡ್ ಮಾಡಿದರೂ ಬಿಡಬೇಡಿ. ಓಟದ ಮಾತು ಮೂರು ತಿಂಗಳು ಕಳೆದ ಮೇಲೆ, ನಿಮ್ಮ ತಜ್ಞರ ಜೊತೆ.

ತುಮಕೂರು ರನ್ನರ್: ಬೇಗ ಹುಷಾರಾಗಿ ಸಾರ್. ಹಾಗಾದರೆ ನಿಮ್ಮ ಬಿಬ್ (ಎದೆಗೆ ಹಾಕುವ ರೇಸ್ ನಂಬರ್ ಚೀಟಿ) ಖಾಲಿ ಇದೆಯಾ? ನನಗೆ ರಿಜಿಸ್ಟ್ರೇಷನ್ ಸಿಗಲಿಲ್ಲ.

ಡಾಕ್ಟರ್: ನಾಚಿಕೆ ಆಗಬೇಕು. ಬಿಬ್ ಹಿಂದೆ ಅವರ ರಕ್ತದ ಗುಂಪು, ಅವರ ಮನೆ ನಂಬರ್ ಇರುತ್ತದೆ. ನೀವು ಏರಿನಲ್ಲಿ ಬಿದ್ದರೆ ಫೋನ್ ಹೋಗುವುದು ಅವರ ಹೆಂಡತಿಗೆ. ಆ ಹೆಣ್ಣುಮಗಳಿಗೆ ಈ ವಾರ ಆಗಿದ್ದು ಸಾಲದಾ?

ಹಾಸನ 47: ಬಿಬ್ ಕೊಡಲ್ಲ ಸಾರ್. ಟೀ ಶರ್ಟ್ ಬೇಕಾದರೆ ತಗೊಳ್ಳಿ, ಮೀಡಿಯಂ ಸೈಜ್.