ಮಂಗಳೂರು ಮಳೆಗೆ ವಾಷರ್-ಡ್ರೈಯರ್ ಸರಿಯೇ?

ಪ್ರಶ್ನೆ: ಸಣ್ಣ ಫ್ಲ್ಯಾಟ್, ನಾಲ್ಕು ಜನ. ಜೂನ್ ಬಂತೆಂದರೆ ಬಟ್ಟೆ ಒಣಗೋದಿಲ್ಲ, ಮುಗ್ಗಲು ವಾಸನೆ. 8 ಕೆಜಿ ವಾಷರ್-ಡ್ರೈಯರ್ (ಒಗೆಯೋದು, ಒಣಗಿಸೋದು ಎರಡೂ ಮಾಡುವ ಒಂದೇ ಮಷಿನ್) ತಗೊಳ್ಳಬಹುದಾ?

ಉತ್ತರ 1: 8 ಕೆಜಿ ಒಗೆಯುವ ಲೆಕ್ಕ ಸರ್, ಒಣಗಿಸೋದು ಸಾಮಾನ್ಯವಾಗಿ 5 ಕೆಜಿಯಷ್ಟೇ. ಪೂರ್ತಿ ತುಂಬಿದರೆ ಬಿಸಿಗಾಳಿ ಆಡಲು ಜಾಗವಿಲ್ಲದೆ ಬಟ್ಟೆ ಮುದ್ದೆಯಾಗಿ ಒದ್ದೆಯೇ ಉಳಿಯುತ್ತದೆ. ಒಗೆದ ಮೇಲೆ ಸ್ವಲ್ಪ ಹೊರತೆಗೆಯಿರಿ. ಹತ್ತಿ ಬಟ್ಟೆಗೆ ಸ್ಪಿನ್ (ನೀರು ಹಿಂಡಲು ಡ್ರಮ್ ತಿರುಗುವ ವೇಗ) ನಿಮಿಷಕ್ಕೆ 1200 ಸುತ್ತಿನ ಮೇಲಿರಲಿ.

ಉತ್ತರ 2: ಒಣಗುವಾಗ ನಲ್ಲಿ ಮುಚ್ಚಲೇಬೇಡಿ! ಹಲವು ಮಾಡೆಲ್‌ಗಳು ಹಬೆಯನ್ನು ತಣ್ಣೀರಿನಿಂದಲೇ ನೀರಾಗಿಸುತ್ತವೆ. ಟ್ಯಾಂಕರ್ ನೀರಿನವರಿಗೆ ಇದು ದುಬಾರಿ. ಬಾಗಿಲಿನ ರಬ್ಬರ್, ಡ್ರೈನ್ ಫಿಲ್ಟರ್‌ನಲ್ಲಿ ಕೂರುವ ಬಟ್ಟೆಯ ಜುಂಗು ಆಗಾಗ ತೆಗೆಯಬೇಕು, ಇಲ್ಲದಿದ್ದರೆ ನೀರು ಹೊರಹೋಗದೆ ಮಷಿನ್ ನಿಲ್ಲುತ್ತದೆ. 16 ಆಂಪ್ಸ್ ಪ್ಲಗ್ ಹಾಕಿಸಿ.

ಉತ್ತರ 3: ಜಾಗವಿದ್ದರೆ ಡ್ರೈಯರ್ ಬೇರೆಯೇ ಕೊಳ್ಳಿ. ಒಂದರಲ್ಲಿ ಒಣಗುವಾಗ ಇನ್ನೊಂದರಲ್ಲಿ ಒಗೆಯಬಹುದು.