ಪದಚರ್ಚೆ: ‘ಬಯೋಆಕ್ಟಿವ್ ಪೆಪ್ಟೈಡ್’ಗೆ ಫಲಕದಲ್ಲಿ ಏನು ಬರೆಯೋಣ?

ಸಾಗರದಿಂದ:
ಶಿವಮೊಗ್ಗದ ಕೃಷಿ ಮೇಳದ ಮಳಿಗೆಗೆ ಫಲಕ ಬೇಕು, ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ವಸ್ತು ಇದು: ಪಿಷ್ಟದಿಂದ ಮಾಡಿದ ಬಯೋಡಿಗ್ರೇಡಬಲ್ (ಸೂಕ್ಷ್ಮಜೀವಿಗಳಿಂದ ಕೊಳೆತು ಹೋಗುವ) ಆಹಾರ ಪೊಟ್ಟಣ. ಅದರಲ್ಲಿ ನೈಸಿನ್ ಸೇರಿಸಿದೆ. ನೈಸಿನ್ ಅಂದರೆ ಹಾಲು ಹುಳಿಯಾಗಿಸುವ ಒಂದು ಬ್ಯಾಕ್ಟೀರಿಯಾ ತಯಾರಿಸುವ, 34 ಅಮೈನೊ ಆಮ್ಲಗಳ ಪೆಪ್ಟೈಡ್, ಅಂದರೆ ಪ್ರೋಟೀನಿನಂಥದ್ದೇ ಕಿರು ಸರಪಳಿ. ‘ಬಯೋಆಕ್ಟಿವ್’ ಅಂದರೆ ಜೀವಿಗಳ ಮೇಲೆ ಪರಿಣಾಮ ಬೀರುವಂಥದ್ದು. ‘ಜೈವಿಕ ಸಕ್ರಿಯ ಪೆಪ್ಟೈಡ್‌ಯುಕ್ತ ಜೈವಿಕ ವಿಘಟನೀಯ’ ಅಂತ ಯಾರೋ ಬರೆದುಕೊಟ್ಟಿದ್ದಾರೆ. ಓದಲು ಆಗುತ್ತಿಲ್ಲ.

ತೀರ್ಥಹಳ್ಳಿಯಿಂದ:
ಅದನ್ನು ಹರಿದುಹಾಕಿ. ‘ಕೊಳೆಯುವ ಪೊಟ್ಟಣ’ ಅನ್ನಿ. ಪೆಪ್ಟೈಡ್‌ಗೆ ‘ಕಿರುಸರ’. ಕನ್ನಡದ ಬೇರಿನಿಂದ ಹುಟ್ಟಿದ ಪದ ಮಾತ್ರ ನಿಲ್ಲುತ್ತದೆ.

ಹೊಸನಗರದಿಂದ:
ಅಡಿಕೆ ಬೆಳೆಗಾರರ ಮುಂದೆ ‘ಕೊಳೆ’ಯೇ? ಖಂಡಿತ ಬೇಡ. ಮಳೆಗಾಲ ಪೂರ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ) ಹೊಡೆಸಿ ಬೇಸತ್ತವರು ಆ ಪೊಟ್ಟಣ ಮುಟ್ಟುವುದಿಲ್ಲ. ‘ಮಣ್ಣಾಗುವ’ ಸಾಕು. ಪಿಷ್ಟದ್ದಾದ್ದರಿಂದ ಧೈರ್ಯವಾಗಿ ಬರೆಯಬಹುದು. ಪಿಎಲ್‌ಎ (ಸಸ್ಯದ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್) ಆಗಿದ್ದರೆ ಬೇಡ ಅನ್ನುತ್ತಿದ್ದೆ. ಅದು ಬೇಗ ಮಣ್ಣಾಗಲು ಸುಮಾರು 58 ಡಿಗ್ರಿ ಬಿಸಿಯ ಕಾಂಪೋಸ್ಟ್ ಬೇಕು, ತೋಟದ ಗೊಬ್ಬರಗುಂಡಿ ಸಾಲದು.
‘ಕಿರುಸರ’ ಕೊರಳಿಗೆ ಹಾಕುವ ಒಡವೆ. ಪೆಪ್ಟೈಡ್ ನಮಗೆ ಅಷ್ಟು ದೂರದ್ದೂ ಅಲ್ಲ. ಗ್ರೀಕಿನ ‘ಪೆಪ್ಟೋಸ್’ ಅಂದರೆ ಜೀರ್ಣವಾದದ್ದು. ಅದಕ್ಕೂ ಸಂಸ್ಕೃತದ ‘ಪಚ್’ ಧಾತುವಿಗೂ ಮೂಲ ಒಂದೇ. ಪಾಕ, ಪಕ್ವ, ಪಚನ ಎಲ್ಲ ಅದೇ ಬಳಗ.

ತೀರ್ಥಹಳ್ಳಿಯಿಂದ:
ಪಾಕವೂ ಸಾಲ ತಂದ ಪದವೇ. ನಮ್ಮದು ಅಡುಗೆ, ಬೇಯಿಸು. ಹೀಗೆ ಎಲ್ಲದಕ್ಕೂ ನಂಟು ಹುಡುಕುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದೇನು?

ಶಿವಮೊಗ್ಗದಿಂದ:
ಸಾಲ ಎರಡೂ ಕಡೆ ನಡೆದಿದೆ. ಇಂಗ್ಲಿಷಿನ ಕೃಷಿ ಬರಹಗಳು ‘ಕೊಳೆರೋಗ’ವನ್ನು ಹಾಗೇ ತೆಗೆದುಕೊಂಡವು. ಕಾಫಿಯ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೂ ಅದು ಸೇರಿತು. ನಮ್ಮಲ್ಲಿ ಪ್ರೋಟೀನ್, ವಿಟಮಿನ್ ಹಳ್ಳಿಯಲ್ಲೂ ನಡೆಯುತ್ತವೆ, ಅಲ್ವಾ? ಪೆಪ್ಟೈಡ್ ಹಾಗೇ ಇರಲಿ. ಬಿಡಬೇಕಾದ್ದು ‘ಬಯೋಆಕ್ಟಿವ್’. ಅದರ ಬದಲು ಅದು ಮಾಡುವ ಕೆಲಸ ಬರೆಯಿರಿ:
‘ಮಣ್ಣಾಗುವ ಪೊಟ್ಟಣ. ಇದರಲ್ಲಿರುವ ನೈಸಿನ್ ಎಂಬ ಪೆಪ್ಟೈಡ್, ಆಹಾರ ಕೆಡಿಸುವ ಕೆಲವು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ.’
‘ಕೆಲವು’ ಅನ್ನುವುದನ್ನು ಮಾತ್ರ ಕೈಬಿಡಬೇಡಿ. ನೈಸಿನ್ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಬೂಷ್ಟನ್ನಲ್ಲ. ‘ಆಹಾರ ಕೆಡುವುದಿಲ್ಲ’ ಅಂತ ಬರೆದರೆ ಜನಕ್ಕೆ ಸುಳ್ಳು ಹೇಳಿದಂತೆ.

ತೀರ್ಥಹಳ್ಳಿಯಿಂದ:
‘ಕೊಳೆರೋಗ’ದಲ್ಲಿ ಕೊಳೆ ನಮ್ಮದು, ರೋಗ ಸಂಸ್ಕೃತದ್ದು. ‘ಮಣ್ಣಾಗುವ’ ಒಪ್ಪಿದೆ. ಪೆಪ್ಟೈಡ್ ಒಪ್ಪುವುದಿಲ್ಲ.

ಸಾಗರದಿಂದ:
ಶಿವಮೊಗ್ಗದವರು ಕೊಟ್ಟದ್ದನ್ನೇ ಕಳಿಸಿದ್ದೇನೆ. ‘ಪೊಟ್ಟಣ’ ಬೇಡ, ‘ಪ್ಯಾಕೆಟ್’ ಹಾಕಲೇ ಅಂತ ಅಚ್ಚಿನವರು ಕೇಳುತ್ತಿದ್ದಾರೆ. ಬೇಗ ತಿಳಿಸಿ.